ಹಿಂದೆ ನಿಂತವರ ಪಾಲು



ಮೂರು ದಶಕಗಳ ಕಾಲ ಹಳಗನ್ನಡ ಕಾವ್ಯವನ್ನು ಪಾಠ ಹೇಳಿದವನೊಬ್ಬ ಎಂಜಿನ್ನು, ಹೊಗೆಕೊಳವೆಗಳ ಕುರಿತು ಮಾತನಾಡಲು ಹೊರಟರೆ ನಿಮಗೆ ನಗು ಬಂದೀತು. ನನಗೂ ಬಂದಿತ್ತು. ಆದರೆ ನಮ್ಮ ಮನೆಯಲ್ಲಿಯೇ ನಡೆದ ಒಂದು ವಾದ ನನ್ನನ್ನು ಈ ವಿಷಯಕ್ಕೆ ಎಳೆದು ತಂದಿತು. ಆ ವಾದದಲ್ಲಿ ತೀರ್ಪು ಹೇಳೆಂದು ನನ್ನನ್ನು ಕೂಡಿಸಿದರು. ಕೂತ ಮೇಲೆ ತಿಳಿಯಿತು, ಕಟಕಟೆಯಲ್ಲಿ ನಿಲ್ಲಬೇಕಾದವರಲ್ಲಿ ನಾನೂ ಒಬ್ಬನೆಂದು.

ಬೈಲಹೊಂಗಲದಲ್ಲಿ ನಮ್ಮ ಹಿರಿಯರ ಮನೆ ಪೇಟೆಯ ರಸ್ತೆಗೆ ಮುಖ ಮಾಡಿ ನಿಂತಿದೆ. ಅಣ್ಣ ತೀರಿಕೊಂಡ ಮೇಲೆ ಅಲ್ಲಿ ವೈನಿ ಮತ್ತು ಅಣ್ಣನ ಮಗ ಇದ್ದಾರೆ. ವೈನಿಗೆ ಬಹಳ ವರ್ಷಗಳಿಂದ ದಮ್ಮಿನ ಬೇನೆ. ಮಗನಿಗೆ ಒಂದಿಷ್ಟು ಕಬ್ಬಿನ ಹೊಲವಿದೆ. ಜೊತೆಗೆ ಸಾಮಾನು ಸಾಗಿಸುವ ಒಂದು ಡೀಸೆಲ್ ವಾಹನ. 2021ರಲ್ಲಿ ಕಂತಿನ ಮೇಲೆ ಕೊಂಡದ್ದು. ಪೇಟೆಯಿಂದ ಹಳ್ಳಿಗೆ ಕಿರಾಣಿ, ಗೊಬ್ಬರ. ಹಳ್ಳಿಯಿಂದ ಪೇಟೆಗೆ ಹತ್ತಿ, ಶೇಂಗಾ. ಐದಾರು ಕಿಲೋಮೀಟರು ನಿಧಾನವಾಗಿ ಓಡುವುದು, ನಿಲ್ಲುವುದು, ಮತ್ತೆ ಓಡುವುದು, ಇದು ಅದರ ದಿನಚರಿ. ಒಂದು ದಿನ ಚಾಲಕನ ಎದುರಿನ ಫಲಕದಲ್ಲಿ ಹಳದಿ ದೀಪವೊಂದು ಹೊತ್ತಿಕೊಂಡಿತು. ಗಾಡಿಯ ಕಸುವು ಕುಗ್ಗಿತು. ಗ್ಯಾರೇಜಿನವನು ನೋಡಿ ಹೇಳಿದ:

“ಹೊಗಿ ಸೋಸೂ ಡಬ್ಬಿ ಕಟ್ಟಿಕೊಂಡೈತ್ರಿ. ತಗದ ಒಗದ ಬಿಡೂಣು. ಪಿಕಪ್ಪೂ ಬರತೈತಿ, ಎಣ್ಣಿನೂ ಉಳಿತೈತಿ. ಪಿಯುಸಿ ಚಿಂತಿ ಮಾಡಬ್ಯಾಡ್ರಿ.”

ಹುಡುಗ ನನ್ನ ಮುಖ ನೋಡಿದ. “ಕಾಕಾ, ನೀವಽ ಹೇಳ್ರಿ. ಲೀಟರಿಗೆ ಒಂದು ಕಿಲೋಮೀಟರ್ ಹೆಚ್ಚಿಗಿ ಬಂದ್ರೂ ಕಂತು ಕಟ್ಟಾಕ ಹಗುರ ಆಗತೈತಿ.” ಪಡಸಾಲೆಯಲ್ಲಿದ್ದ ವೈನಿ ಒಳಗಿನಿಂದಲೇ ಅಂದರು: “ನನ್ನ ಸಲುವಾಗಿ ಅವನ ದುಡಿಮಿ ನಿಲ್ಲಸಬ್ಯಾಡ್ರಿ.”

ನಾನು ಎರಡು ದಿನದ ಅವಕಾಶ ಕೇಳಿದೆ. ವಿದ್ಯಾರ್ಥಿಯಂತೆ ಓದಿದೆ, ಬಲ್ಲವರನ್ನು ಕೇಳಿದೆ. ಇಂಧನದ ಉಳಿತಾಯ ಮತ್ತು ಹೊಗೆಯ ಶುದ್ಧಿ ಇವೆರಡೂ ಒಡಹುಟ್ಟಿದ ಅಕ್ಕತಂಗಿಯರೆಂದು ನಾನು ಅದುವರೆಗೆ ಭಾವಿಸಿದ್ದೆ. ಅವರು ಒಂದೇ ಮನೆಗೆ ಬಂದ ನೆಗೆಣ್ಣಿಯರು. ಒಬ್ಬಳಿಗೆ ಹಿತವಾದದ್ದು ಎಷ್ಟೋ ಸಲ ಇನ್ನೊಬ್ಬಳಿಗೆ ಆಗಿಬರುವುದಿಲ್ಲ.

ಡೀಸೆಲ್ ಎಂಜಿನ್ನನ್ನೇ ನೋಡಿ. ಒಳಗಿನ ಉರಿ ಹೆಚ್ಚು ಕಾವೇರಿದಷ್ಟೂ ಎಣ್ಣೆಯ ಸತ್ವ ಚೆನ್ನಾಗಿ ಒದಗುತ್ತದೆ. ಆದರೆ ಅದೇ ಕಾವಿನಲ್ಲಿ ಗಾಳಿಯ ಸಾರಜನಕವೂ ಆಮ್ಲಜನಕವೂ ಕೂಡಿ, ಎದೆಯನ್ನು ಸುಡುವ ನೈಟ್ರೋಜನ್ ಆಕ್ಸೈಡುಗಳು ಹುಟ್ಟುತ್ತವೆ. ಕಾವು ತಗ್ಗಿಸಲೆಂದು ಸುಟ್ಟ ಗಾಳಿಯಲ್ಲಿ ಒಂದಿಷ್ಟನ್ನು ಮತ್ತೆ ಎಂಜಿನ್ನಿಗೇ ತಿರುಗಿಸಿದರೆ ಮಸಿ ಹೆಚ್ಚುತ್ತದೆ. ಆ ಮಸಿಯನ್ನು ಹಿಡಿಯುವುದೇ ಗ್ಯಾರೇಜಿನವನು ಹೇಳಿದ ಡಬ್ಬಿ. ಅದರೊಳಗೆ ಜೇನುಹುಟ್ಟಿನಂಥ ಸಣ್ಣ ಸಣ್ಣ ಕೋಣೆಗಳು. ಕೂಡಿದ ಮಸಿ ಸುಟ್ಟು ಹೋಗಲು ಸುಮಾರು 600 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಹೆದ್ದಾರಿಯಲ್ಲಿ ಒಂದೇ ಸಮನೆ ಓಡುವ ಗಾಡಿ ಇದನ್ನು ಸುಲಭವಾಗಿ ಸಾಧಿಸಿಕೊಳ್ಳುತ್ತದೆ. ಪೇಟೆಯಲ್ಲಿ ಕುಂಟುತ್ತ ಓಡುವ ಗಾಡಿಗೆ ಅದು ಒದಗದು. ಆಗ ಯಂತ್ರ ತಾನೇ ಒಂದಿಷ್ಟು ಎಣ್ಣೆಯನ್ನು ಹೆಚ್ಚಿಗೆ ಸುರಿದು ಮಸಿಯನ್ನು ಸುಡಲು ನೋಡುತ್ತದೆ. ಅಂದರೆ ಹೊಗೆಯನ್ನು ತೊಳೆಯಲು ಎಣ್ಣೆ ಖರ್ಚಾಗುತ್ತದೆ. ಗ್ಯಾರೇಜಿನವನು ಹೇಳಿದ ಲೆಕ್ಕ ಪೂರ್ತಿ ಸುಳ್ಳಾಗಿರಲಿಲ್ಲ.

ಪೆಟ್ರೋಲ್ ವಾಹನದ ಕಥೆಯೂ ಇಂಥದೇ. ಅದರ ಹೊಗೆಕೊಳವೆಯಲ್ಲಿರುವ ಪರಿವರ್ತಕದ ಒಳಮೈಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಂಬ ದುಬಾರಿ ಲೋಹಗಳ ಲೇಪವಿರುತ್ತದೆ. ವಿಷಾನಿಲಗಳು ಅದರ ಮೂಲಕ ಹಾದು ನಿರಪಾಯವಾಗುತ್ತವೆ. ಆದರೆ ಆ ಕೆಲಸ ನಡೆಯಬೇಕಾದರೆ ಒಂದು ತೂಕ ಪೆಟ್ರೋಲಿಗೆ ಸುಮಾರು 14.7 ತೂಕ ಗಾಳಿ ಎಂಬ ಹದ ತಪ್ಪಬಾರದು. ಗಾಳಿ ಹೆಚ್ಚಿಸಿ ಪೆಟ್ರೋಲು ಉಳಿಸಹೋದರೆ ನೈಟ್ರೋಜನ್ ಆಕ್ಸೈಡುಗಳು ತೊಳೆಯದೇ ಹೊರಬೀಳುತ್ತವೆ. ಇನ್ನೊಂದು ಮಾತನ್ನೂ ನ್ಯಾಯಕ್ಕಾಗಿ ಹೇಳಬೇಕು. ಒಂದು ಲೀಟರ್ ಪೆಟ್ರೋಲು ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಭೂಮಿಯನ್ನು ಕಾಯಿಸುವ ಅದನ್ನು ಯಾವ ಪರಿವರ್ತಕವೂ ತಡೆಯದು. ಕಡಿಮೆ ಉರಿಸುವುದೊಂದೇ ಅದಕ್ಕೆ ಮದ್ದು. ಆದ್ದರಿಂದ ಉಳಿತಾಯವನ್ನು ಬರೀ ಜಿಪುಣತನವೆಂದು ತಳ್ಳಿಹಾಕುವಂತಿಲ್ಲ.

ಹಾಗಾದರೆ ಇಬ್ಬರಲ್ಲಿ ಯಾರ ಪಕ್ಷ ಹಿಡಿಯಬೇಕು? ನನಗೆ ಹೊಳೆದದ್ದು ಇಷ್ಟು. ಉಳಿತಾಯದ ಫಲ ಗಾಡಿ ಓಡಿಸುವವನ ಜೇಬಿಗೆ ಬರುತ್ತದೆ. ಆದ್ದರಿಂದ ಅದನ್ನು ಕಾಯಲು ಜೇಬೇ ಸಾಕು. ಶುದ್ಧಿಯ ಫಲ ಗಾಡಿಯ ಹಿಂದೆ ನಿಂತವನ ಎದೆಗೆ ಹೋಗುತ್ತದೆ, ಖರ್ಚು ಮಾತ್ರ ಓಡಿಸುವವನದು. ಆ ಡಬ್ಬಿಯನ್ನು ಕಿತ್ತೊಗೆದರೆ ನಷ್ಟ ಹೊಂದುವವನು ಗ್ಯಾರೇಜಿಗೆ ಬಂದು ತಕರಾರು ಮಾಡುವುದಿಲ್ಲ, ಏಕೆಂದರೆ ತನಗೆ ನಷ್ಟವಾದದ್ದು ಅವನಿಗೆ ತಿಳಿದಿರುವುದೇ ಇಲ್ಲ. ಅದಕ್ಕಾಗಿಯೇ ಇಲ್ಲಿ ಕಾಯಿದೆ ಬೇಕಾಯಿತು. ನಮ್ಮ ದೇಶದಲ್ಲಿ ಪೆಟ್ರೋಲ್ ವಾಹನಗಳ ಹೊಗೆಗೆ 1991ರಲ್ಲಿ, ಡೀಸೆಲ್ಲಿಗೆ 1992ರಲ್ಲಿ ಮಿತಿ ಬಂತು. 2000ದಲ್ಲಿ ಸೀಸ ಬೆರೆತ ಪೆಟ್ರೋಲು ದೇಶದಿಂದ ಹೋಯಿತು. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ಜಾರಿಗೆ ಬಂದು, ಡೀಸೆಲ್ ಕಾರು ಪ್ರತಿ ಕಿಲೋಮೀಟರಿಗೆ ಉಗುಳಬಹುದಾದ ಮಸಿಯ ಮಿತಿ 25 ಮಿಲಿಗ್ರಾಮಿನಿಂದ 4.5ಕ್ಕೆ ಇಳಿಯಿತು. ಇಂಥ ಸಾಧನವನ್ನು ಕಿತ್ತುಹಾಕುವುದು ಕಾನೂನಿಗೆ ವಿರುದ್ಧ. ಆದರೆ ಕಾನೂನು ಪ್ರತಿ ಗ್ಯಾರೇಜಿನ ಬಾಗಿಲಲ್ಲಿ ನಿಲ್ಲಲಾರದು.

ಇಲ್ಲಿ ನನ್ನ ತಪ್ಪೊಪ್ಪಿಗೆ. ಧಾರವಾಡದಲ್ಲಿ ಎಂ.ಎ. ಮುಗಿಸಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೊಂದು ಸ್ಕೂಟರು ಕೊಂಡೆ. ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುವ ಟೂ ಸ್ಟ್ರೋಕ್ ಎಂಜಿನ್ನು. ಇಂಧನದಲ್ಲಿ ಒಂದು ಪಾಲು ಉರಿಯದೆಯೇ ಹೊರಬೀಳುವುದು ಅದರ ಹುಟ್ಟುಗುಣ. ಇಪ್ಪತ್ತು ವರ್ಷ ಅದರ ಮೇಲೆ ಕಿತ್ತೂರು, ಸವದತ್ತಿ, ರಾಮದುರ್ಗ ತಿರುಗಿದೆ. ಭಾರತ ಹುಣ್ಣಿಮೆಯಲ್ಲಿ ಎಲ್ಲಮ್ಮನ ಗುಡ್ಡವನ್ನೂ ಏರಿದೆ. ಹಣೆ ತುಂಬ ಭಂಡಾರ ಬಳಿದುಕೊಂಡು, ಕೂಸುಗಳನ್ನು ಬಗಲಲ್ಲಿಟ್ಟುಕೊಂಡು ನಡೆದುಕೊಂಡೇ ಏರುತ್ತಿದ್ದ ಹೆಂಗಸರ ಮುಖಕ್ಕೆ ನೀಲಿ ಹೊಗೆ ಬಿಟ್ಟು ಮುಂದೆ ಹೋದೆ. ಸ್ಕೂಟರು ಲೀಟರಿಗೆ ಎಷ್ಟು ಕೊಡುತ್ತದೆಂಬ ಲೆಕ್ಕ ನನಗೆ ಬಾಯಿಪಾಠವಿತ್ತು. ತಿರುಗಿ ನೋಡಿದ ನೆನಪು ಮಾತ್ರ ಒಂದೂ ಇಲ್ಲ.

ಇದನ್ನೆಲ್ಲ ಹೇಳಿದಾಗ ಹುಡುಗ ಕೇಳಿದ: “ಹಂಗಾರ ನಮ್ಮ ಕಬ್ಬಿನಿಂದ ಮಾಡೂ ಎಥನಾಲ್ ಚಲೋ ಅಲ್ಲೇನ್ರಿ, ಕಾಕಾ?” ಸರಿಯಾದ ಪ್ರಶ್ನೆ. ಎಂ.ಕೆ. ಹುಬ್ಬಳ್ಳಿಯಲ್ಲಿ, ಮುನವಳ್ಳಿಯ ಬಳಿಯಲ್ಲಿ ಸಕ್ಕರೆ ಕಾರ್ಖಾನೆಗಳಿರುವ ಸೀಮೆ ನಮ್ಮದು. ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆಸುವ ಗುರಿಯನ್ನು ಮೊದಲು 2030ಕ್ಕೆಂದು ಇಟ್ಟಿದ್ದರು. ದೇಶ ಅದನ್ನು 2025ರಲ್ಲಿಯೇ ಮುಟ್ಟಿತು. ಹೊರದೇಶದ ಎಣ್ಣೆಗೆ ತೆರುವ ಹಣ ಉಳಿಯುತ್ತದೆ, ರೈತನ ಕಬ್ಬಿಗೆ ಗಿರಾಕಿ ಸಿಗುತ್ತದೆ, ಇಂಗಾಲದ ಮಾನಾಕ್ಸೈಡ್ ತಗ್ಗುತ್ತದೆ. ಆದರೆ ಒಂದು ಲೀಟರ್ ಎಥನಾಲಿನ ಕಸುವು ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಮಾತ್ರ. ಹಳೆಯ ಕಾರುಗಳಲ್ಲಿ ಮೈಲೇಜು ಶೇಕಡಾ 6–7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿತು. ಕಬ್ಬಿನಿಂದ ಒಂದು ಲೀಟರ್ ಎಥನಾಲ್ ಪಡೆಯಲು ಸುಮಾರು 2,860 ಲೀಟರ್ ನೀರು ಬೇಕೆಂಬ ಅಂದಾಜೂ ಅದರಲ್ಲಿದೆ. ಮಳೆ ಕೈಕೊಟ್ಟ 2023ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕಬ್ಬಿನ ಹಾಲಿನಿಂದ ಎಥನಾಲ್ ಮಾಡುವುದಕ್ಕೆ ತಡೆ ಹಾಕಿತ್ತು. 2024ರಲ್ಲಿ ಅದನ್ನು ತೆಗೆಯಿತು. ನವಿಲುತೀರ್ಥದ ಅಣೆಕಟ್ಟಿನ ಕೆಳಗೆ, ಹೊಳೆಯ ದಾರಿಯಲ್ಲಿ ರಾಮದುರ್ಗವಿದೆ. ಹೊಗೆಗೆ ಹಿಂದೆ ನಿಂತವರಿದ್ದಂತೆ ನೀರಿಗೆ ಕೆಳಗೆ ನಿಂತವರಿದ್ದಾರೆ. ಎಥನಾಲ್ ಬೇಡವೆಂದು ನಾನು ಹೇಳಲಿಲ್ಲ. ಅದರ ಲೆಕ್ಕದಲ್ಲಿ ಮಲಪ್ರಭೆಯ ಕಾಲಮ್ಮೂ ಇರಲಿ ಎಂದೆ.

ಡಬ್ಬಿ ಹಾಗೆಯೇ ಉಳಿಯಿತು. ಕಟ್ಟಿಕೊಂಡ ಮಸಿಯನ್ನು ಯಂತ್ರ ಹಚ್ಚಿ ಸುಡಿಸಿದ್ದಾಯಿತು. ಅದರ ಖರ್ಚಿನಲ್ಲಿ ಅರ್ಧ ನನ್ನದು. ಈಗ ಹುಡುಗ ವಾರಕ್ಕೊಮ್ಮೆ ಕಿತ್ತೂರಿನ ಬಳಿ ಹೆದ್ದಾರಿ ಹಿಡಿದು ಧಾರವಾಡದವರೆಗೆ ಸುಮಾರು 30 ಕಿಲೋಮೀಟರು ಒಂದೇ ಓಟದಲ್ಲಿ ಹೋಗಿ ಬರುತ್ತಾನೆ. ಬಾಡಿಗೆ ಸಿಕ್ಕರೆ ಲಾಭ. ಸಿಗದ ವಾರ ಎಣ್ಣೆ ಕೈಯಿಂದಲೇ ಹೋಗುತ್ತದೆ, ಅವನ ಮುಖ ಸಣ್ಣದಾಗುತ್ತದೆ. ಅದನ್ನು ಮುಚ್ಚಿಟ್ಟು ಎಲ್ಲವೂ ಸುಖಾಂತವಾಯಿತೆಂದು ನಿಮಗೆ ಹೇಳಲಾರೆ.

ಮೊನ್ನೆ ಅವನ ಖಾತೆ ಪುಸ್ತಕ ನನ್ನ ಕೈಗೆ ಸಿಕ್ಕಿತು. ಕಂತು, ಟೈರು, ಎಣ್ಣೆ ಎಂದು ಒಂದೊಂದಕ್ಕೂ ಒಂದೊಂದು ಬಾಬತ್ತು. ಬಾಡಿಗೆಯಿಲ್ಲದೆ ಧಾರವಾಡಕ್ಕೆ ಹೋಗಿಬಂದ ದಿನಗಳ ಡೀಸೆಲ್ಲು ಎಣ್ಣೆಯ ಬಾಬತ್ತಿನಲ್ಲಿ ಕಾಣಲಿಲ್ಲ. ಹುಡುಕಿದೆ. ಅದನ್ನು ಅವನು “ಅವ್ವನ ಔಷಧ” ಎಂಬ ಬಾಬತ್ತಿನ ಕೆಳಗೆ ಬರೆದಿದ್ದ.