ಹಿತ್ತಿಲ ಗಲ್ಲಿಯಿಂದ ಬೀದಿಗೆ



ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿ, ಚಾಮರಾಜಪೇಟೆಯಂಥ ಹಳೆಯ ಬಡಾವಣೆಗಳಲ್ಲಿ ಓಡಾಡಿದವರು ಒಂದು ಸಂಗತಿ ಗಮನಿಸಿರಬಹುದು. ಮನೆಗಳ ಮುಂದೆ ಅಗಲವಾದ ರಸ್ತೆ, ನೆರಳು ಕೊಡುವ ಮರಗಳು. ಅದೇ ಮನೆಗಳ ಬೆನ್ನಿಗೆ, ಎರಡು ಸಾಲು ಹಿತ್ತಿಲುಗಳ ನಡುವೆ, ಒಂದು ಗಾಡಿ ಹೋಗುವಷ್ಟೇ ಅಗಲದ ಗಲ್ಲಿ. ಈಗ ಅದರಲ್ಲಿ ಸ್ಕೂಟರ್ ನಿಲ್ಲಿಸುತ್ತಾರೆ, ಮುರಿದ ಕುರ್ಚಿ ಮಂಚ ಎಸೆಯುತ್ತಾರೆ. ಹಳಬರು ಅದನ್ನು ಇವತ್ತಿಗೂ ಕನ್ಸರ್ವೆನ್ಸಿ ಲೇನ್ ಅಂತಲೇ ಕರೆಯುತ್ತಾರೆ.

ಆ ಗಲ್ಲಿ ಯಾರಿಗಾಗಿ ಹುಟ್ಟಿತು ಅಂತ ನಾನು ಬಹಳ ವರ್ಷ ಯೋಚಿಸಿರಲಿಲ್ಲ. ನೀರಿನ ಸಂಪರ್ಕವಿಲ್ಲದ ಕಕ್ಕಸುಗಳ ಕಾಲ ಅದು. ಪ್ರತಿ ಮನೆಯ ಕಕ್ಕಸಿಗೆ ಹಿಂಬದಿಯಿಂದ ಒಂದು ಪುಟ್ಟ ಕಿಂಡಿ. ನಸುಕಿನಲ್ಲಿ ಬರುವವರು ಆ ಕಿಂಡಿಯಿಂದಲೇ ಮಲ ಬಳಿದು, ಬುಟ್ಟಿಗೆ ತುಂಬಿ, ತಲೆಯ ಮೇಲೋ ಗಾಡಿಯಲ್ಲೋ ಹೊತ್ತು ಊರಾಚೆ ಹಾಕಬೇಕು. ಅವರು ಮುಂಬಾಗಿಲ ರಸ್ತೆಯಲ್ಲಿ ಕಾಣಬಾರದು. ಅದಕ್ಕಾಗಿ ನಗರದ ನಕ್ಷೆಯಲ್ಲೇ ಅವರಿಗೆ ಬೇರೆ ದಾರಿ ಎಳೆದಿದ್ದರು. ಅಸ್ಪೃಶ್ಯತೆಯನ್ನು ಅಳತೆ ಹಾಕಿ, ಕಲ್ಲು ನೆಟ್ಟು ಕಟ್ಟಿದ ದಾರಿ ಅದು. ಆ ಗಲ್ಲಿಯಲ್ಲಿ ನಡೆದವರು ಮುಂದಿನ ಬೀದಿಗೆ ಹೇಗೆ ಬಂದರು, ಬೀದಿಯಲ್ಲಿ ಕೂತು ಏನು ಕೇಳಿದರು, ಎಷ್ಟು ಪಡೆದರು ಎಂಬುದೇ ಇವತ್ತಿನ ಮಾತು.

1898ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಮುಂಬಯಿ ಕಡೆಯಿಂದ ರೈಲಿನ ಹಾದಿ ಹಿಡಿದು ಬಂದ ಮಾರಿ ಅದು. ಇಕ್ಕಟ್ಟಾದ ಪೇಟೆಯ ಮನೆಗಳಲ್ಲಿ ಇಲಿ ಬಿದ್ದವು, ಆಮೇಲೆ ಜನ. ಬದುಕಿದ್ದವರು ಮನೆ ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿಕೊಂಡರು. ಪ್ಲೇಗ್ ಮಾರಮ್ಮನ ಗುಡಿಗಳು ಎದ್ದವು. ಚಾಮರಾಜಪೇಟೆ ಅದಕ್ಕೆ ಮೊದಲೇ ಹುಟ್ಟಿತ್ತು. ಪ್ಲೇಗಿನ ಹೊಡೆತಕ್ಕೆ ಮಲ್ಲೇಶ್ವರ, ಬಸವನಗುಡಿಗಳು ಬೇಗ ಬೇಗ ತಲೆ ಎತ್ತಿದವು. ಗಾಳಿ ಬೆಳಕು ಬೇಕು, ಊರು ಚೊಕ್ಕಟವಾಗಿರಬೇಕು ಎಂಬ ಅರಿವು ಆಗ ಮೂಡಿತು. ಚೊಕ್ಕಟ ಮಾಡುವವರು ಯಾರು? ತೆಲುಗು ಸೀಮೆಯಿಂದ, ತಮಿಳು ಸೀಮೆಯಿಂದ ಕೆಲಸ ಹುಡುಕಿಕೊಂಡು ಬಂದ ದಲಿತ ಕುಟುಂಬಗಳು. ಇವತ್ತಿಗೂ ಬೆಳಗಿನ ಜಾವ ನಗರದ ಯಾವುದೇ ಮಸ್ಟರಿಂಗ್ ಕೇಂದ್ರದ ಮುಂದೆ ಹೋಗಿ ನಿಲ್ಲಿ. ಹಾಜರಿಗೆ ಕಾಯುತ್ತಾ ನಿಂತ ಹೆಣ್ಣುಮಕ್ಕಳು ತಮ್ಮ ತಮ್ಮಲ್ಲಿ ತೆಲುಗಿನಲ್ಲಿ ಮಾತಾಡಿಕೊಳ್ಳುವುದು ಕೇಳಿಸುತ್ತದೆ. ಮೂರು ನಾಲ್ಕು ತಲೆಮಾರಿನ ಹಿಂದಿನ ವಲಸೆಯ ಗುರುತು ಅದು. ತಲೆಮಾರುಗಳು ಕಳೆದರೂ ಕೈಯಲ್ಲಿನ ಪೊರಕೆ ಮಾತ್ರ ಬದಲಾಗಲಿಲ್ಲ.

1949ರಲ್ಲಿ ಪೇಟೆ ಮತ್ತು ದಂಡು, ಅಂದರೆ ಕಂಟೋನ್ಮೆಂಟ್, ಎರಡೂ ಸೇರಿ ಒಂದೇ ನಗರಪಾಲಿಕೆಯಾಯಿತು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕಿತು. ಹಿತ್ತಿಲ ಗಲ್ಲಿಯಲ್ಲಿ ಬುಟ್ಟಿ ಹಾಗೇ ಉಳಿಯಿತು.

ಅದಕ್ಕೆ ಕೈ ಹಾಕಿದವರು ಬಿ. ಬಸವಲಿಂಗಪ್ಪನವರು. 1972ರಲ್ಲಿ ದೇವರಾಜ ಅರಸರ ಸಂಪುಟದಲ್ಲಿ ಪೌರಾಡಳಿತದ ಹೊಣೆ ಹೊತ್ತಿದ್ದ ಅವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಿದರು. ಇಡೀ ದೇಶಕ್ಕೆ ಕೇಂದ್ರದ ಕಾನೂನು ಬಂದದ್ದು 1993ರಲ್ಲಿ. ಅಂದರೆ ಕರ್ನಾಟಕ ಸುಮಾರು ಇಪ್ಪತ್ತು ವರ್ಷ ಮುಂದಿತ್ತು. ಇದನ್ನು ನಾವು ನೆನೆಯುವುದು ಕಡಿಮೆ. ಬಸವಲಿಂಗಪ್ಪ ಎಂದೊಡನೆ ನಮ್ಮ ಜನಕ್ಕೆ ನೆನಪಾಗುವುದು 1973ರ ನವೆಂಬರ್ 19ರಂದು ಮೈಸೂರಿನಲ್ಲಿ ಕನ್ನಡ ಸಾಹಿತ್ಯವನ್ನು ಬೂಸಾ ಎಂದು ಕರೆದ ಅವರ ಮಾತು, ಅದರ ಮೇಲೆ ಎದ್ದ ಗಲಭೆ, ಅವರ ರಾಜೀನಾಮೆ. ಆ ಗಲಭೆಯ ಬೇಗುದಿಯಲ್ಲೇ ದಲಿತ ಯುವಕರು ಒಟ್ಟಾದರು. ಬಿ. ಕೃಷ್ಣಪ್ಪನವರಂಥವರ ಮುಂದಾಳ್ತನದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿಕೊಂಡಿತು. ಆದರೆ ನನ್ನ ಲೆಕ್ಕದಲ್ಲಿ ಬಸವಲಿಂಗಪ್ಪನವರ ದೊಡ್ಡ ಕೆಲಸ ಆ ಬುಟ್ಟಿಯನ್ನು ಕೆಳಗಿಳಿಸಿದ್ದು.

ಅದೇ ದಶಕದಲ್ಲಿ ಇನ್ನೊಂದು ಹೆಸರು ಬರುತ್ತದೆ: ಐ.ಪಿ.ಡಿ. ಸಾಲಪ್ಪ. ಕಸ ಗುಡಿಸುವ, ಮಲ ಬಳಿಯುವ ಝಾಡಮಾಲಿಗಳ ಬದುಕು ಮತ್ತು ಕೆಲಸದ ಸ್ಥಿತಿಗತಿ ನೋಡಿ ವರದಿ ಕೊಡಲು ಸರ್ಕಾರ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತು. 1976ರಲ್ಲಿ ವರದಿ ಬಂತು. ಇವತ್ತು ಯಾವ ಪೌರಕಾರ್ಮಿಕ ಸಂಘದ ಸಭೆಗೆ ಹೋದರೂ 'ಸಾಲಪ್ಪ ವರದಿ' ಎಂಬ ಮಾತು ಕಿವಿಗೆ ಬೀಳುತ್ತದೆ. ಐನೂರು ಜನಕ್ಕೆ ಒಬ್ಬ ಕಾರ್ಮಿಕರಿರಬೇಕು ಎಂಬ ಅಳತೆಯನ್ನು ಜನ ಅದರಿಂದಲೇ ಹೇಳುತ್ತಾರೆ. ಮುಂದೆ ಸರ್ಕಾರ ಅದನ್ನು ಏಳುನೂರು ಜನಕ್ಕೆ ಒಬ್ಬರು ಅಂತ ಸಡಿಲಿಸಿಕೊಂಡಿತು. ಈ ಎರಡು ಅಂಕಿಗಳ ನಡುವಿನ ಇನ್ನೂರು ಜನರ ಕಸ ಯಾರ ಬೆನ್ನಿನ ಮೇಲೆ ಬಿತ್ತು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಝಾಡಮಾಲಿ ಎಂಬ ಹೆಸರು ಹೋಗಿ ಪೌರಕಾರ್ಮಿಕ ಎಂಬ ಹೆಸರು ಬಳಕೆಗೆ ಬಂತು. ಪೌರ ಎಂಬ ಮಾತು ಅವರ ಹೆಸರಿಗೆ ಸೇರಿಕೊಂಡದ್ದು ಸಣ್ಣ ಸಂಗತಿಯಲ್ಲ.

ಇಲ್ಲಿ ಒಂದು ಸ್ವಂತ ನೆನಪು ಹೇಳಬೇಕು. ನಾನು ಹುಡುಗನಾಗಿದ್ದಾಗ ನಮ್ಮ ಮನೆಯ ಕಾಂಪೌಂಡ್ ಗೋಡೆಯ ಮೂಲೆಯಲ್ಲಿ ಒಂದು ಸಿಲ್ವರ್ ಲೋಟ ಬೋರಲು ಹಾಕಿರುತ್ತಿತ್ತು. ರಸ್ತೆ ಗುಡಿಸುವ ಅಕ್ಕ ನೀರು ಕೇಳಿದರೆ ಆ ಲೋಟವನ್ನು ಆಕೆಯೇ ತೆಗೆದುಕೊಳ್ಳಬೇಕು, ನಾವು ಮೇಲಿನಿಂದ ಎತ್ತಿ ಹುಯ್ಯಬೇಕು. ಕುಡಿದಾದ ಮೇಲೆ ಆಕೆಯೇ ತೊಳೆದು ಅಲ್ಲೇ ಬೋರಲು ಹಾಕಿ ಹೋಗುತ್ತಿದ್ದರು. ಅಂಚು ನೆಗ್ಗಿದ ಆ ಲೋಟ ಈಗಲೂ ನನ್ನ ಕಣ್ಣಿಗೆ ಕಟ್ಟಿದೆ. ಆಕೆಯ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನೂ ಕೇಳಲಿಲ್ಲ. ಆ ಸಂಗತಿ ನನ್ನನ್ನು ಇನ್ನೂ ಚುಚ್ಚುತ್ತದೆ.

ತೊಂಬತ್ತರ ದಶಕದ ಹೊತ್ತಿಗೆ ನಗರ ಬೆಳೆಯಿತು, ಕಸ ಅದಕ್ಕಿಂತ ಜೋರಾಗಿ ಬೆಳೆಯಿತು. ಕಾಯಂ ನೇಮಕಾತಿ ನಿಂತು ಗುತ್ತಿಗೆ ಪದ್ಧತಿ ಬಂತು. ಕಸ ಗುಡಿಸುವುದು ದಿನವೂ ಇರುವ ಕೆಲಸ. ಸೂರ್ಯ ಹುಟ್ಟುವಷ್ಟೇ ಕಾಯಂ. ಅದನ್ನು ಮಾಡುವವರು ಮಾತ್ರ ತಾತ್ಕಾಲಿಕ! ಪಾಲಿಕೆ ಗುತ್ತಿಗೆದಾರನಿಗೆ ದುಡ್ಡು ಕೊಡುತ್ತಿತ್ತು, ಗುತ್ತಿಗೆದಾರ ತನಗೆ ತೋಚಿದಾಗ ತೋಚಿದಷ್ಟು ಕೊಡುತ್ತಿದ್ದ. ಪಿಎಫ್ ಎಂದು ಸಂಬಳದಲ್ಲಿ ಮುರಿದುಕೊಂಡ ಹಣ ಖಾತೆಗೆ ಸೇರುತ್ತಿರಲಿಲ್ಲ. ಇಎಸ್‌ಐ ಕಾರ್ಡ್ ಇಲ್ಲದೆ ಆಸ್ಪತ್ರೆ ಬಾಗಿಲಲ್ಲಿ ನಿಲ್ಲಬೇಕಿತ್ತು. ವಾರದ ರಜೆ ಇರಲಿಲ್ಲ, ಹೆರಿಗೆ ರಜೆ ಕೇಳಿದರೆ ಕೆಲಸವೇ ಇರುತ್ತಿರಲಿಲ್ಲ. ಎದುರು ಮಾತಾಡಿದವರ ಹಾಜರಿಯನ್ನು ಮರುದಿನ ಮೇಸ್ತ್ರಿ ಹಾಕುತ್ತಿರಲಿಲ್ಲ. ಗುಡಿಸುವವರಲ್ಲಿ ಹೆಚ್ಚಿನವರು ಹೆಂಗಸರು. ನಸುಕಿಗೆ ಮನೆ ಬಿಟ್ಟರೆ ಮಧ್ಯಾಹ್ನದ ತನಕ ಶೌಚಕ್ಕೆ ಹೋಗಲು ಜಾಗವಿರಲಿಲ್ಲ. ಊರನ್ನೆಲ್ಲ ಚೊಕ್ಕಟ ಮಾಡುವವರು ಅದಕ್ಕೆ ಹೆದರಿ ನೀರು ಕುಡಿಯದೆ ಇರುತ್ತಿದ್ದರು.

ಬೆಂಗಳೂರಿನಾಚೆಯ ಎರಡು ಸಂಗತಿ ಇಲ್ಲೇ ಹೇಳಿಬಿಡುತ್ತೇನೆ. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಮಲ ಹೊರುವ ಕುಟುಂಬದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್, ಅಲ್ಲಿನ ಒಣ ಕಕ್ಕಸುಗಳ ವಿರುದ್ಧ ಪತ್ರ ಬರೆಯುತ್ತಾ ಶುರು ಮಾಡಿದ ಹೋರಾಟ ಸಫಾಯಿ ಕರ್ಮಚಾರಿ ಆಂದೋಲನವಾಗಿ ದೇಶವನ್ನೆಲ್ಲ ಸುತ್ತಿತು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಇನ್ನೊಂದು, ಹಾವೇರಿ ಜಿಲ್ಲೆಯ ಸವಣೂರು. 2010ರ ಜುಲೈ ತಿಂಗಳಲ್ಲಿ ಅಲ್ಲಿನ ಭಂಗಿ ಕುಟುಂಬಗಳ ಜನ ಪುರಸಭೆಯ ಎದುರು ಮಲವನ್ನು ಮೈಗೆ ಸುರಿದುಕೊಂಡರು. ಯಾವ ನಿಷೇಧ ಬಂದು ನಾಲ್ಕು ದಶಕವಾಗುತ್ತಿತ್ತೋ ಆ ನಿಷೇಧ ತಮ್ಮ ಬೀದಿಗೆ ಇನ್ನೂ ತಲುಪಿಲ್ಲ ಎಂದು ಹೇಳಲು ಅವರಿಗೆ ಬೇರೆ ದಾರಿ ಉಳಿದಿರಲಿಲ್ಲ. ಅಂದಿನ ಪತ್ರಿಕೆ ನೋಡಿದ ಯಾರಿಗೂ ಊಟ ಸೇರಿರಲಾರದು.

ಬೆಂಗಳೂರಿನಲ್ಲಿ ಸಂಘ ಕಟ್ಟುವ ಕೆಲಸ ನಿಧಾನಕ್ಕೆ, ವಾರ್ಡಿನಿಂದ ವಾರ್ಡಿಗೆ ನಡೆಯಿತು. ಬೆಳಿಗ್ಗೆ ಹಾಜರಿಯ ಹೊತ್ತಿನಲ್ಲಿ ಹತ್ತು ನಿಮಿಷ, ಟೀ ಅಂಗಡಿ ಮುಂದೆ ಹತ್ತು ನಿಮಿಷ. ಅಷ್ಟೇ ಬಿಡುವು. ಅಕ್ಷರ ಬಾರದ ಹೆಂಗಸರು ವೇತನ ಚೀಟಿ ಕೇಳಲು ಕಲಿತರು, ಪಿಎಫ್ ಎಲ್ಲಿ ಹೋಯಿತು ಎಂದು ಇಂಜಿನಿಯರ ಎದುರೇ ಕೇಳಿದರು. 2016ರಲ್ಲಿ ಕನಿಷ್ಠ ವೇತನ ಪರಿಷ್ಕರಣೆಯಾಗಿ ಮೂಲ ಸಂಬಳ ಸುಮಾರು 14 ಸಾವಿರ ರೂಪಾಯಿಗೆ ಏರಿತು. ಕಾಗದದ ಮೇಲೆ ಏರಿದ್ದು ಕೈಗೆ ಬರಲು ಮತ್ತೆ ಧರಣಿ ಕೂರಬೇಕಾಯಿತು. 2017ರ ಮಾರ್ಚ್‌ನಲ್ಲಿ ಸಿ.ವಿ. ರಾಮನ್ ನಗರದ ಕಡೆ ಮ್ಯಾನ್‌ಹೋಲಿಗೆ ಇಳಿದ ಮೂವರು ಉಸಿರುಗಟ್ಟಿ ಸತ್ತರು. ಸುರಕ್ಷತಾ ಸಾಧನವಿಲ್ಲದೆ ಮನುಷ್ಯರನ್ನು ಮ್ಯಾನ್‌ಹೋಲಿಗೆ ಇಳಿಸುವುದು ಅಪರಾಧ ಎಂದು 2013ರ ಕಾನೂನು ಹೇಳಿ, ಸತ್ತವರ ಮನೆಯವರಿಗೆ ಹತ್ತು ಲಕ್ಷ ಕೊಡಬೇಕೆಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲಿನ ಸಾವುಗಳು ಇವು.

2017ರಲ್ಲೇ ಗುತ್ತಿಗೆ ರದ್ದಾಗಲಿ ಎಂದು ರಾಜ್ಯದ ಪೌರಕಾರ್ಮಿಕರು ಹೋರಾಟ ಮಾಡಿದರು. ಗುತ್ತಿಗೆದಾರನನ್ನು ತಪ್ಪಿಸಿ ಪಾಲಿಕೆಯೇ ಕೂಲಿ ಕೊಡುವ 'ನೇರ ಪಾವತಿ' ಬಂತು. ಬೆರಳಚ್ಚಿನ ಹಾಜರಿ ತಂದಾಗ ಇನ್ನೊಂದು ಗುಟ್ಟು ಹೊರಬಿತ್ತು: ಗುತ್ತಿಗೆದಾರರ ಪಟ್ಟಿಯಲ್ಲಿದ್ದ ಸಾವಿರಾರು ಹೆಸರುಗಳಿಗೆ ಮನುಷ್ಯರೇ ಇರಲಿಲ್ಲ. ಇಲ್ಲದವರ ಹೆಸರಿನಲ್ಲಿ ವರ್ಷಗಟ್ಟಲೆ ದುಡ್ಡು ಹೋಗಿತ್ತು. ಆ ಲೆಕ್ಕ ಸರಿ ಮಾಡುವ ಗಲಿಬಿಲಿಯಲ್ಲಿ ಇರುವವರಿಗೇ ತಿಂಗಳುಗಟ್ಟಲೆ ಸಂಬಳ ಆಗಲಿಲ್ಲ. 2018ರ ಜುಲೈನಲ್ಲಿ ಹಾಗೆ ಸಂಬಳ ಕಾಣದ ಒಬ್ಬ ಪೌರಕಾರ್ಮಿಕರು ಪ್ರಾಣ ಕಳೆದುಕೊಂಡರು. ಕಳ್ಳತನ ಮಾಡಿದವರು ಒಬ್ಬರು, ದಂಡ ತೆತ್ತವರು ಇನ್ನೊಬ್ಬರು.

ಈ ಕತೆಗೆ ಅಕ್ಕಪಕ್ಕದ ಕವಲುಗಳೂ ಇವೆ. ನಮ್ಮ ಕಸವನ್ನು ತಂದು ಸುರಿಯುತ್ತಿದ್ದ ಮಾವಳ್ಳಿಪುರ, ಮಂಡೂರಿನ ರೈತರು ಲಾರಿಗಳಿಗೆ ಅಡ್ಡ ನಿಂತರು. 2014ರ ಕೊನೆಗೆ ಮಂಡೂರಿಗೆ ಲಾರಿ ಹೋಗುವುದು ನಿಂತಿತು. ಹಸಿ ಕಸ, ಒಣ ಕಸ ಬೇರೆ ಮಾಡುವ ಅಭ್ಯಾಸ ನಮಗೆ ಬಂದಿದ್ದರೆ ಅದರ ಹಿಂದೆ ಆ ಹಳ್ಳಿಗಳ ಕೋಪವಿದೆ, ಹೈಕೋರ್ಟಿನ ಆದೇಶಗಳಿವೆ. ಹಸಿರು ದಳದಂಥ ಸಂಘಟನೆಯ ಜೊತೆಗೂಡಿ ಚಿಂದಿ ಆಯುವವರು ಪಾಲಿಕೆಯ ಗುರುತಿನ ಚೀಟಿ ಪಡೆದದ್ದೂ ಇದೇ ಕಾಲದಲ್ಲಿ.

ಆಮೇಲೆ ಕೊರೋನಾ. ಇಡೀ ನಗರ ಬಾಗಿಲು ಹಾಕಿಕೊಂಡು ಕೂತಾಗ ಇವರು ಪೊರಕೆ ಹಿಡಿದು ಬಂದರು. ನಾವು ಬಾಲ್ಕನಿಯಲ್ಲಿ ನಿಂತು ಚಪ್ಪಾಳೆ ತಟ್ಟಿದೆವು. ಬೇರೆ ಕಡೆಗಳಲ್ಲಿ ಪಾದಪೂಜೆಯೂ ನಡೆಯಿತು, ಹಾರವೂ ಬಿತ್ತು. ಅವರು ಕೇಳಿದ್ದು ನೇಮಕಾತಿ ಆದೇಶವನ್ನು.

2022ರ ಜುಲೈ 1ರಂದು ತಮ್ಮನ್ನು ಕಾಯಂ ಮಾಡಬೇಕೆಂದು ರಾಜ್ಯದಾದ್ಯಂತ ಪೌರಕಾರ್ಮಿಕರು ಕೆಲಸ ನಿಲ್ಲಿಸಿದರು. ಬೆಂಗಳೂರಿನಲ್ಲಿ ಫ್ರೀಡಂ ಪಾರ್ಕಿನಲ್ಲಿ ಕೂತರು. ಆ ಜಾಗ ಹಿಂದೆ ಕೇಂದ್ರ ಕಾರಾಗೃಹವಾಗಿತ್ತು. ತುರ್ತು ಪರಿಸ್ಥಿತಿಯಲ್ಲಿ ಅದೇ ಗೋಡೆಗಳೊಳಗೆ ನಟಿ ಸ್ನೇಹಲತಾ ರೆಡ್ಡಿಯವರಂಥವರು ನರಳಿದ್ದರು. ಈಗ ಅಲ್ಲಿ ಜಮಖಾನ ಹಾಸಿ, ಮಳೆಗೆ ಪ್ಲಾಸ್ಟಿಕ್ ಹೊದ್ದು, ಮಕ್ಕಳನ್ನು ಮಡಿಲಲ್ಲಿ ಮಲಗಿಸಿಕೊಂಡು ಸಾವಿರಾರು ಹೆಂಗಸರು. ಅತ್ತ ಬೀದಿ ತಿರುವುಗಳಲ್ಲಿ ಕಸ ಗುಡ್ಡೆಯಾಯಿತು, ನಾಯಿಗಳು ಚೀಲ ಹರಿದವು. ಒಂದು ದಿನ ಅವರು ಬರದಿದ್ದರೆ ಏನಾಗುತ್ತದೆ ಎಂದು ಊರಿಗೆ ತಿಳಿಯಿತು. ನಾಲ್ಕನೆಯ ದಿನ ಸರ್ಕಾರ ಬರವಣಿಗೆಯಲ್ಲಿ ಒಪ್ಪಿಗೆ ಕೊಟ್ಟಿತು. ಮುಂದೆ 11,133 ಮಂದಿಯನ್ನು ಕಾಯಂ ಮಾಡಲು ಸಂಪುಟ ತೀರ್ಮಾನಿಸಿತು. ಆ ತೀರ್ಮಾನದ ನಂತರವೂ ಮತ್ತೆ ಅಲೆದಾಟ, ಮತ್ತೆ ಅರ್ಜಿ. 2025ರ ಮೇ 1ರಂದು, ಕಾರ್ಮಿಕರ ದಿನದಂದೇ, ಬೆಂಗಳೂರಿನಲ್ಲಿ 12,692 ಪೌರಕಾರ್ಮಿಕರಿಗೆ ನೇಮಕಾತಿ ಪತ್ರ ಸಿಕ್ಕಿತು.

ಇದನ್ನು ಸರ್ಕಾರದ ಕೊಡುಗೆ ಎಂದು ಕರೆಯಲು ನನಗೆ ಮನಸ್ಸಿಲ್ಲ. ಅಂದು ಕೊಟ್ಟವರಿಗೆ ಕೃತಜ್ಞತೆ ಇರಲಿ. ಆದರೆ ಸಾಲಪ್ಪನವರ ವರದಿ ಬಂದು ಆಗ ನಲವತ್ತೊಂಬತ್ತು ವರ್ಷವಾಗಿತ್ತು. ಅಷ್ಟು ವರ್ಷ ಕೂಲಿ ಕಳೆದುಕೊಂಡು, ಹಾಜರಿ ಕಳೆದುಕೊಂಡು ಬೀದಿಯಲ್ಲಿ ಕೂತವರ ಸಂಪಾದನೆ ಇದು. ಕೆಲಸವೂ ಮುಗಿದಿಲ್ಲ. ಗುಡಿಸುವವರು ನೇರ ಪಾವತಿಗೆ ಬಂದಾಗ ಕಸದ ಆಟೋ ಓಡಿಸುವ ಚಾಲಕರು, ಸಹಾಯಕರು, ಲೋಡರುಗಳು ಗುತ್ತಿಗೆಯಲ್ಲೇ ಉಳಿದರು. ನಮ್ಮ ಮನೆ ಬಾಗಿಲಿಗೆ ದಿನಾ ಬರುವವರು ಅವರೇ.

ಪ್ರತಿ ವರ್ಷ ಸೆಪ್ಟೆಂಬರ್ 23ರಂದು ಪೌರಕಾರ್ಮಿಕರ ದಿನ. ಅಂದು ವೇದಿಕೆ, ಶಾಲು, ಭಾಷಣ ಇದ್ದೇ ಇರುತ್ತದೆ. ಆ ದಿನಕ್ಕೆ ಕಾಯಬೇಡಿ. ನಾಳೆ ಬೆಳಿಗ್ಗೆ ಹಸಿ ಕಸ, ಒಣ ಕಸ ಬೇರೆ ಮಾಡಿಡಿ. ಒಡೆದ ಗಾಜು, ಬ್ಲೇಡು ಇದ್ದರೆ ದಪ್ಪ ಕಾಗದದಲ್ಲಿ ಸುತ್ತಿ, ಹೇಳಿ ಕೊಡಿ. ಡೈಪರ್, ಪ್ಯಾಡುಗಳನ್ನು ಬರಿಗೈಯಲ್ಲಿ ಇನ್ನೊಬ್ಬರು ಬಿಡಿಸುವ ಹಾಗೆ ಎಸೆಯಬೇಡಿ. ನಿಮ್ಮ ಬೀದಿ ಗುಡಿಸುವ ಅಕ್ಕನಿಗೆ ನೀವು ಕುಡಿಯುವ ಲೋಟದಲ್ಲೇ ನೀರು ಕೊಡಿ, ಆಕೆಯ ಹೆಸರು ಕೇಳಿ. ಮುಂದಿನ ಸಲ ಅವರು ಧರಣಿ ಕೂತರೆ, ಕಸ ಎತ್ತಲಿಲ್ಲವೆಂದು ಪಾಲಿಕೆಗೆ ಫೋನ್ ಮಾಡುವ ಮೊದಲು, ಅವರ ಬೇಡಿಕೆ ಏನು ಎಂದು ಒಮ್ಮೆ ಹೋಗಿ ಕೇಳಿಸಿಕೊಳ್ಳಿ.