ಒಂದು ಯಂತ್ರಕ್ಕೆ ಇಬ್ಬರು ಯಜಮಾನರು

(ಭಿವಂಡಿಯ ಕನ್ನಡ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಮಗ್ಗಗಳ, ಗೋದಾಮುಗಳ ಈ ಊರಿನಲ್ಲಿ ಇಂದು ನಮ್ಮವರ ಅನೇಕ ಮನೆಗಳಿಗೆ ಕಂಪ್ಯೂಟರು ಬಂದಿದೆ. ಅಂಗಡಿಯಿಂದ ಹೊಸದಾಗಿ ಕೊಂಡದ್ದು ಕಡಿಮೆ. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಿಂದಲೋ, ಕಚೇರಿಯವರು ಹಳತೆಂದು ಮಾರಿದಲ್ಲಿಂದಲೋ ತಂದುದೇ ಹೆಚ್ಚು. ಅಂಥ ಯಂತ್ರವನ್ನು ಚಾಲೂ ಮಾಡಿದೊಡನೆ ಪರದೆಯ ಮೇಲೆ ಎರಡು ಹೆಸರು ಮೂಡಿ, ಯಾವುದು ಬೇಕೆಂದು ಕೇಳುವುದನ್ನು ನಾವು ಹಲವರು ಕಂಡಿದ್ದೇವೆ. ಒಂದು ವಿಂಡೋಸ್ ೭, ಇನ್ನೊಂದು ವಿಂಡೋಸ್ ೧೦. ಕೆಲವು ಕಡೆ ಎರಡೂ ಒಂದೇ ಹೆಸರಿನವು.

ಹಳೆಯ ವ್ಯವಸ್ಥೆ ಕೆಟ್ಟಾಗ ರಿಪೇರಿಯವನು ಅದನ್ನು ತೆಗೆಯುವ ಗೋಜಿಗೆ ಹೋಗದೆ, ಡಿಸ್ಕಿನ ಇನ್ನೊಂದು ಭಾಗದಲ್ಲಿ ಹೊಸದನ್ನು ಕೂಡಿಸಿಬಿಡುವುದೇ ಇದಕ್ಕೆ ಕಾರಣ. ತೀರಿದ ಬೀಮನ್ನು ಇಳಿಸದೆ ಹೊಸ ಬೀಮನ್ನು ಏರಿಸಲು ಮಗ್ಗದವನಿಗೆ ಸಾಧ್ಯವೇ ಇಲ್ಲ. ಕಂಪ್ಯೂಟರಿನಲ್ಲಿ ಅದು ನಡೆದುಹೋಗುತ್ತದೆ. ಇತ್ತ ಮಕ್ಕಳ ಪಾಠಕ್ಕೆ ಜಾಗವಿಲ್ಲವೆಂದು ಯಂತ್ರ ಗೋಳಾಡುತ್ತಿರುತ್ತದೆ, ಅತ್ತ ಬಳಸದ ವ್ಯವಸ್ಥೆಯೊಂದು ಹತ್ತಿಪ್ಪತ್ತು ಜಿಬಿ ನುಂಗಿ ಮಲಗಿರುತ್ತದೆ.

ಎರಡರಲ್ಲಿ ಹೊಸದನ್ನೇ ಉಳಿಸಿಕೊಳ್ಳಬೇಕು. ವಿಂಡೋಸ್ ೭ಕ್ಕೆ ತಯಾರಕರ ರಕ್ಷಣೆ ೨೦೨೦ರ ಜನವರಿ ೧೪ಕ್ಕೇ ಮುಗಿಯಿತು. ವಿಂಡೋಸ್ ೧೦ರ ಸಾಮಾನ್ಯ ರಕ್ಷಣೆಯೂ ೨೦೨೫ರ ಅಕ್ಟೋಬರ್ ೧೪ಕ್ಕೆ ನಿಂತಿತೆಂಬುದು ನಿಜ. ಆದರೂ ಇವೆರಡರಲ್ಲಿ ಅದೇ ಮೇಲು.

ತೆಗೆಯುವುದಕ್ಕೆ ಮೊದಲು ಹಳೆಯ ವ್ಯವಸ್ಥೆಯನ್ನೇ ತೆರೆದು, ಅದರಲ್ಲಿರುವುದನ್ನು ಪೆನ್‌ಡ್ರೈವಿಗೆ ಇಳಿಸಿಕೊಳ್ಳಬೇಕು. ಇದನ್ನು ಒತ್ತಿ ಹೇಳುತ್ತೇವೆ. ಭವಿಷ್ಯನಿಧಿಯ ಕಾಗದ, ಮಕ್ಕಳ ಅಂಕಪಟ್ಟಿ, ಊರಿನ ಜಮೀನಿನ ಪಹಣಿ ಇವುಗಳ ಪ್ರತಿಗಳು ಡೆಸ್ಕ್‌ಟಾಪಿನಲ್ಲಿಯೋ, ಡೌನ್‌ಲೋಡ್ಸ್ ಎಂಬಲ್ಲಿಯೋ ಬಿದ್ದಿರುತ್ತವೆ. ಕಾರಖಾನೆಯ ಲೆಕ್ಕ ಬರೆಯುವವರು ಟ್ಯಾಲಿಯ ಡೇಟಾ ಫೋಲ್ಡರನ್ನು ಮರೆಯಬಾರದು. ಟ್ಯಾಲಿಯನ್ನೇ ಹಾಗೆ ಎತ್ತಿಟ್ಟರೆ ಸಾಲದು. ಹೊಸದರಲ್ಲಿ ಮತ್ತೆ ಕೂಡಿಸಬೇಕು. ಕನ್ನಡಿಗರಿಗೆ ಇನ್ನೊಂದು ತೊಡಕುಂಟು. ನುಡಿಯ ಹಳೆಯ ಅಕ್ಷರಗಳಲ್ಲಿ ಬರೆದ ಕಡತವನ್ನು ಆ ಫಾಂಟು ಇಲ್ಲದ ಕಡೆ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುವುದು. ಸಂಘದ ಸದಸ್ಯರ ಪಟ್ಟಿ ಕೆಟ್ಟುಹೋಯಿತೆಂದು ಅದನ್ನು ಅಳಿಸಿಹಾಕುವವರೂ ಉಂಟು. ಕಡತದೊಡನೆ ಫಾಂಟನ್ನೂ ತೆಗೆದಿಡಿ. ಆಮೇಲೆ ಯೂನಿಕೋಡಿಗೆ ಬದಲಿಸಿಕೊಳ್ಳಬಹುದು.

ಇನ್ನು ಅಕ್ಷರದ ಮೋಸ. ಪ್ರತಿಯೊಂದು ವಿಂಡೋಸೂ ಸಾಮಾನ್ಯವಾಗಿ ತಾನಿರುವ ಭಾಗವನ್ನೇ ‘ಸಿ’ ಎಂದು ಕರೆದುಕೊಳ್ಳುತ್ತದೆ. ಹಳೆಯದರಲ್ಲಿ ಕುಳಿತಾಗ ‘ಡಿ’ ಎಂದು ಕಂಡದ್ದು ಹೊಸದರಲ್ಲಿ ಕುಳಿತಾಗ ‘ಸಿ’ ಆಗಿರುತ್ತದೆ. ಆದುದರಿಂದ ಅಕ್ಷರವನ್ನು ನಂಬದೆ ಭಾಗದ ಗಾತ್ರವನ್ನು ಚೀಟಿಯಲ್ಲಿ ಬರೆದುಕೊಂಡು ಗುರುತಿಡಬೇಕು.

ಅನಂತರ ಉಳಿಸಿಕೊಳ್ಳುವ ವ್ಯವಸ್ಥೆಯನ್ನು ತೆರೆದು, ವಿಂಡೋಸ್ ಗುರುತಿನ ಕೀಲಿಯೊಡನೆ ‘ಆರ್’ ಒತ್ತಿ, ಎಂಎಸ್‌ಕಾನ್ಫಿಗ್ ಎಂದು ರೋಮನ್ ಅಕ್ಷರಗಳಲ್ಲಿ ಬರೆಯಿರಿ. ಬೂಟ್ ಎಂಬ ಪುಟದಲ್ಲಿ ಎರಡೂ ಹೆಸರಿರುತ್ತವೆ. ಈಗ ನಡೆಯುತ್ತಿರುವುದರ ಮುಂದೆ ‘ಕರೆಂಟ್ ಓಎಸ್’ ಎಂದಿರುತ್ತದೆ. ಅದಲ್ಲದ ಹೆಸರನ್ನು ಆರಿಸಿ ಡಿಲೀಟ್ ಒತ್ತಬೇಕು. ಇದರಿಂದ ಬಾಗಿಲಿನ ಹೆಸರುಹಲಗೆ ಹೋಯಿತೇ ಹೊರತು ಮನೆ ಖಾಲಿಯಾಗಲಿಲ್ಲ. ಯಂತ್ರವನ್ನು ಒಮ್ಮೆ ನಿಲ್ಲಿಸಿ ಚಾಲೂ ಮಾಡಿ, ನಾಲ್ಕಾರು ದಿನ ಕೆಲಸ ಮಾಡಿ ನೋಡಿ.

ಜಾಗ ಬಿಡಿಸುವುದು ಡಿಸ್ಕ್ ಮ್ಯಾನೇಜ್‌ಮೆಂಟ್ ಎಂಬಲ್ಲಿ. ಅಲ್ಲಿ ಹಳೆಯ ಭಾಗದ ಕೆಳಗೆ ‘ಸಿಸ್ಟಮ್’ ಎಂಬ ಪದವಿದೆಯೇ ನೋಡಿ. ಇದ್ದರೆ ಕೈ ಹಚ್ಚಬೇಡಿ: ಹೊಸ ವ್ಯವಸ್ಥೆಯನ್ನು ಎಬ್ಬಿಸುವ ಕಡತಗಳೂ ಆ ಹಳೆಯ ಮನೆಯಲ್ಲಿಯೇ ಇವೆಯೆಂದು ಅರ್ಥ. ವಿಂಡೋಸು ತಾನಾಗಿ ಅದನ್ನು ಅಳಿಸಗೊಡದು. ಬೇರೆ ಸಾಧನದಿಂದ ಹಠಮಾಡಿ ಅಳಿಸಿದರೆ ಮರುದಿನ ಯಂತ್ರ ಏಳುವುದಿಲ್ಲ. ಆ ಕಡತಗಳನ್ನು ಮೊದಲು ಹೊಸ ಭಾಗಕ್ಕೆ ಸಾಗಿಸಬೇಕು. ಅದಕ್ಕೆ ಬಿಸಿಡಿಬೂಟ್ ಎಂಬ ಅಪ್ಪಣೆಯಿದೆ, ತಿಳಿದವರನ್ನು ಕೂಡಿಸಿಕೊಂಡೇ ಮಾಡಿ. ಸುಮಾರು ೧೦೦ ಎಂಬಿಯ ಪುಟ್ಟ ಭಾಗವೊಂದು ಬೇರೆಯಾಗಿದ್ದು, ‘ಸಿಸ್ಟಮ್’ ಎಂಬುದು ಅಲ್ಲಿದ್ದರೆ ಭಯವಿಲ್ಲ. ಆ ಪುಟ್ಟದನ್ನು ಮುಟ್ಟದೆ, ಹಳೆಯ ದೊಡ್ಡ ಭಾಗವನ್ನು ಫಾರ್ಮ್ಯಾಟ್ ಮಾಡಿ.

ಖಾಲಿಯಾದುದನ್ನು ‘ಸಿ’ಗೆ ಸೇರಿಸುವ ಆಸೆ ಎಲ್ಲರಿಗೂ ಇರುತ್ತದೆ. ಬಿಡುವಾದ ಜಾಗ ‘ಸಿ’ಯ ಬಲಮಗ್ಗುಲಿಗೇ ಇದ್ದರೆ ಮಾತ್ರ ಅಲ್ಲಿ ಅದು ಸಾಧ್ಯ. ನಮ್ಮನ್ನು ಕೇಳಿದರೆ ಬೇರೆಯಾಗಿಯೇ ಇರಲಿ. ಫೋಟೋಗಳಿಗೆ, ಮಕ್ಕಳ ಕಡತಗಳಿಗೆ ಅದು ಒಳ್ಳೆಯ ಕಪಾಟು.

ಹಳೆಯ ಮಾದರಿಯ ಯಂತ್ರದಲ್ಲಿ ಎರಡನೆಯದು ಲಿನಕ್ಸ್ ಆಗಿದ್ದರೆ ಕ್ರಮ ಬೇರೆ. ಅಲ್ಲಿ ಬಾಗಿಲು ಕಾಯುವ ಗ್ರಬ್ ಲಿನಕ್ಸಿನದು. ಮೊದಲು ವಿಂಡೋಸಿನ ಡಿಸ್ಕಿನಿಂದ ಬಾಗಿಲನ್ನು ಸರಿಪಡಿಸಿ, ಆಮೇಲೆ ಲಿನಕ್ಸಿನ ಭಾಗವನ್ನು ತೆಗೆಯಬೇಕು. ಅಂಥವರೂ, ಹಳೆಯ ಭಾಗದಲ್ಲಿ ‘ಸಿಸ್ಟಮ್’ ಎಂಬ ಪದ ಕಂಡವರೂ ಏನನ್ನೂ ಒತ್ತದೆ ಆ ಪರದೆಯ ಫೋಟೋ ತೆಗೆದು ಮುಂದಿನ ಕೂಟಕ್ಕೆ ತನ್ನಿ, ಕೂಡಿ ನೋಡೋಣ.