ಬೆಂಕಿಗೆ ಮುನ್ನ ನೀರು
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ದಾಸವರೇಣ್ಯರಾದ ಶ್ರೀ ವಿಜಯದಾಸರು 1755ರಲ್ಲಿ ದೇಹವಿಟ್ಟ ಪುಣ್ಯಕ್ಷೇತ್ರವಿದು. ಇಂತಹ ಚಿಪ್ಪಗಿರಿಯಲ್ಲಿ ಕನ್ನಡದ ಉತ್ಸವವೆಂದರೆ ನುಡಿಯ ಮಾತೇ ಮೊದಲಾಗಬೇಕಾದುದು ಸಹಜ. ಆದರೆ ನುಡಿ ಉಳಿಯುವುದು ಮನೆಗಳಲ್ಲಿ. ಆ ಮನೆಗಳನ್ನೂ ಕಣ ಬಣವೆಗಳನ್ನೂ ಬೆಂಕಿಯಿಂದ ಕಾಯುವ ನೀರಿನ ವಿಚಾರವನ್ನು ಇಂದು ತಮ್ಮ ಮುಂದಿಡಲು ಅಪ್ಪಣೆ ಬೇಡುತ್ತೇವೆ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಈ ವಿಚಾರ ಬಹು ಹಿಂದಿನದು. ಮೈಸೂರಿನ ಪ್ರಾಚ್ಯ ಗ್ರಂಥಾಲಯದ ವಿದ್ವಾಂಸರಾದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಬೆಳಕಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇದಕ್ಕೆ ಸ್ಪಷ್ಟ ವಿಧಿಗಳಿವೆ. ಬೇಸಿಗೆಯಲ್ಲಿ ಗೃಹಸ್ಥರು ನೀರಿನ ಕೊಡಗಳನ್ನೂ, ಏಣಿ, ಕೊಡಲಿ, ಕೊಕ್ಕೆ, ಚರ್ಮದ ಚೀಲ ಮುಂತಾದವನ್ನೂ ಸಿದ್ಧವಾಗಿಟ್ಟಿರಬೇಕು, ಇಡದವರಿಗೆ ದಂಡ. ಬೀದಿಗಳಲ್ಲಿ, ಚೌಕಗಳಲ್ಲಿ, ಅರಮನೆಯ ಕಟ್ಟಡಗಳ ಮುಂದೆ ತುಂಬಿದ ಕೊಡಗಳನ್ನು ಸಾವಿರಗಟ್ಟಲೆ ಸಾಲಾಗಿ ಇರಿಸಬೇಕು. ಪ್ರಜೆಗೊಂದು ಹೊಣೆ, ಆಡಳಿತಕ್ಕೊಂದು ಹೊಣೆ. ಎರಡೂ ಬೆಂಕಿ ಹೊತ್ತುವುದಕ್ಕೆ ಮೊದಲೇ ನೆರವೇರಬೇಕಾದವು.

ಈ ವಿವೇಕ ನಮ್ಮ ಕಾಲದಲ್ಲಿ ಎಷ್ಟು ಉಳಿದಿದೆ? 2019ರ ಫೆಬ್ರವರಿಯಲ್ಲಿ ಚಾಮರಾಜನಗರ ಜಿಲ್ಲೆಯ ಬಂಡೀಪುರದ ಕಾಡು ಹೊತ್ತಿ ಉರಿಯಿತು. 1973ರಲ್ಲಿಯೇ ಹುಲಿ ಯೋಜನೆಗೆ ಸೇರಿದ, ನಾಡಿನ ಕಣ್ಮಣಿಯೆನಿಸಿದ ಅರಣ್ಯವದು. ಒಣಗಿ ನಿಂತ ಲಂಟಾನ ಪೊದೆಗಳಲ್ಲಿ ಉರಿ ಗಾಳಿಯೊಡನೆ ಓಡಿತು. ಸಿಬ್ಬಂದಿಯೂ ಸ್ವಯಂಸೇವಕರೂ ಹಸಿ ಸೊಪ್ಪಿನ ಕೊಂಬೆಗಳಿಂದ ಬಡಿದು ಆರಿಸಲು ಹೆಣಗಿದರು. ದಿನಗಳು ಕಳೆದ ಮೇಲೆ, 25ರಂದು, ವಾಯುಪಡೆಯ ಹೆಲಿಕಾಪ್ಟರುಗಳು ನೀರನ್ನು ಹೊತ್ತು ತಂದು ಸುರಿದವು. ಅಷ್ಟರಲ್ಲಿ ಸಾವಿರಾರು ಎಕರೆ ಬೂದಿಯಾಗಿತ್ತು. ಆ ಸಿಬ್ಬಂದಿಯ ಧೈರ್ಯಕ್ಕೆ ನಾವು ತಲೆಬಾಗುತ್ತೇವೆ. ಆದರೆ ಕೊಂಬೆ ಹಿಡಿದವನ ಧೈರ್ಯವು, ಬೇಸಿಗೆಗೆ ಮೊದಲು ಬೆಂಕಿಗೆರೆ ಕಡಿಸಿ ನೀರನ್ನು ಸಮೀಪದಲ್ಲಿ ಒದಗಿಸಬೇಕಾದವರ ಕರ್ತವ್ಯಕ್ಕೆ ಬದಲಾಗಲಾರದು.

ಸಿರಿವಂತ ದೇಶಗಳೂ ಈ ದೋಷಕ್ಕೆ ಹೊರತಲ್ಲ. 2025ರ ಜನವರಿ 7ರಂದು ಅಮೆರಿಕದ ಲಾಸ್ ಏಂಜಲೀಸ್ ನಗರದ ಪೆಲಿಸೇಡ್ಸ್ ಭಾಗದಲ್ಲಿ ಬೆಂಕಿಯೆದ್ದಾಗ, ಅಲ್ಲಿಯ ಸುಮಾರು 44 ಕೋಟಿ ಲೀಟರು ಹಿಡಿಯುವ ಸಾಂಟಾ ಯೆನೆಜ್ ಜಲಾಶಯ ಬರಿದಾಗಿತ್ತು. ಅದರ ಹೊದಿಕೆ ಹರಿದಿತ್ತು. ದುರಸ್ತಿಗೆಂದು ತಿಂಗಳುಗಟ್ಟಲೆ ಖಾಲಿ ಬಿಡಲಾಗಿತ್ತು. ಎತ್ತರದ ತೊಟ್ಟಿಗಳು ಒಂದೇ ರಾತ್ರಿಯಲ್ಲಿ ಬತ್ತಿ, ಬೀದಿಯ ಬೆಂಕಿನಲ್ಲಿಗಳಲ್ಲಿ ಹಲವು ಒಣಗಿದವು. 6,800ಕ್ಕೂ ಮಿಕ್ಕಿ ಕಟ್ಟಡಗಳು ಸುಟ್ಟುಹೋದವು. ಜಲಾಶಯ ತುಂಬಿದ್ದರೂ ಅಂತಹ ಗಾಳಿಯಲ್ಲಿ ಎಲ್ಲವನ್ನೂ ಉಳಿಸಲಾಗುತ್ತಿರಲಿಲ್ಲವೆಂದು ಬಲ್ಲವರು ಹೇಳಿದ್ದುಂಟು. ಅದು ನಿಜವಿರಬಹುದು. ಆದರೂ ಒಂದು ಹೊದಿಕೆಯ ದುರಸ್ತಿ ಬೆಂಕಿಯ ಕಾಲದವರೆಗೂ ಮುಗಿಯದೆ ಉಳಿದದ್ದೇಕೆಂಬ ಪ್ರಶ್ನೆಯನ್ನು ಆ ಮಾತು ಅಳಿಸಲಾರದು.

ಬಂಧುಗಳೇ, ಈ ದೂರದ ಕಥೆಗಳು ನಮಗೇಕೆ ಎನ್ನಬಹುದು. ನಮ್ಮದು ಎರೆಭೂಮಿ. ಹತ್ತಿ, ಜೋಳದ ಸೊಪ್ಪೆ, ಕಡಲೆಯ ಹೊಟ್ಟು, ಎಲ್ಲವೂ ಕಿಡಿಗೆ ಕಾದಿರುವ ವಸ್ತುಗಳೇ. ಬೆಂಕಿ ಆರಿಸುವ ಲಾರಿ ಹೊತ್ತು ತರುವುದು ಸಾಮಾನ್ಯವಾಗಿ 4,500 ಲೀಟರಿನಷ್ಟು ನೀರು. ಪೂರ್ತಿ ಬಿಟ್ಟರೆ ಕೆಲವೇ ನಿಮಿಷಗಳಲ್ಲಿ ಅದು ಮುಗಿಯುತ್ತದೆ. ಮುಂದೆ ಊರು ಉಳಿಯುವುದೂ ಬೀಳುವುದೂ ಎರಡನೆಯ ಸಲದ ನೀರು ಎಲ್ಲಿದೆ ಎಂಬುದರ ಮೇಲೆ. ಕರ್ನೂಲಿನ ಈ ಪಶ್ಚಿಮ ಭಾಗವಾದರೋ ಹೆಚ್ಚಾಗಿ ತುಂಗಭದ್ರೆಯ ಕಾಲುವೆಗಳನ್ನು ನೆಚ್ಚಿದ್ದು. ಬೇಸಿಗೆಯಲ್ಲಿ ಕಾಲುವೆ ಬತ್ತುವ ದಿನಗಳೇ ಬೆಂಕಿಯ ದಿನಗಳೂ ಆಗಿರುತ್ತವೆ. ಕುಡಿಯುವ ನೀರಿಗೇ ಪರದಾಡುವ ಕಾಲದಲ್ಲಿ ಬೆಂಕಿಗೆಂದು ನೀರನ್ನು ಯಾರು ಎತ್ತಿಡುತ್ತಾರೆ? ಆಗ ಯಾರೂ ಎತ್ತಿಡಲಾರರು. ಆದುದರಿಂದಲೇ ಮೊದಲು ಎತ್ತಿಡಬೇಕು.

ಅಧಿಕಾರಿಗಳಲ್ಲಿ ನಮ್ಮ ಬಿನ್ನಹ ಇಷ್ಟೇ. ಪ್ರತಿ ವರ್ಷ ಶಿವರಾತ್ರಿಗೆ ಮೊದಲು ಪ್ರತಿ ಊರಿನ ತೊಟ್ಟಿ, ಮೋಟಾರು, ಕೊಳವೆಗಳನ್ನು ಜನರ ಎದುರಿನಲ್ಲಿ ನಡೆಸಿ ತೋರಿಸಲಿ. ಲಾರಿ ನೀರು ತುಂಬಿಕೊಳ್ಳುವ ಜಾಗವನ್ನು ಗೊತ್ತುಮಾಡಿ, ಅಲ್ಲಿಗೆ ಹೋಗುವ ದಾರಿಯನ್ನು ತೆರವಾಗಿಡಲಿ. ಇದರ ಹೊಣೆ ಯಾವ ಅಧಿಕಾರಿಯದೆಂದು ಫಲಕದ ಮೇಲೆ ಬರೆಯಿಸಲಿ. ಹೊಣೆ ಎಲ್ಲರದಾದರೆ ಯಾರದೂ ಆಗದು. ಆ ಫಲಕ ತೆಲುಗಿನ ಜೊತೆಗೆ ಕನ್ನಡದಲ್ಲಿಯೂ ಇರಲಿ. 1953ರ ಅಕ್ಟೋಬರ್ 1ರಂದು ಆಲೂರು, ಆದವಾನಿ, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯನ್ನು ಬಿಟ್ಟು ಆಂಧ್ರ ರಾಜ್ಯಕ್ಕೆ ಸೇರಿದವು. ಗಡಿ ಸರಿಯಿತು, ಮನೆಮಾತು ಸರಿಯಲಿಲ್ಲ. ಕನ್ನಡವನ್ನಷ್ಟೇ ಓದಬಲ್ಲ ಮುದುಕಿಗೂ ಆಪತ್ತಿನ ಸೂಚನೆ ತಿಳಿಯುವಂತಿರಬೇಕು.

ನಮ್ಮ ಪಾಲಿನ ಕೆಲಸವೂ ಉಂಟು. ಬಣವೆಗಳನ್ನು ಮನೆಗಳಿಂದ ದೂರ ಒಟ್ಟೋಣ. ಬಿಸಿಲು ಗಾಳಿಯ ಹೊತ್ತಿನಲ್ಲಿ ಹೊಲದ ಕೂಳೆಗೆ ಬೆಂಕಿಯಿಡದಿರೋಣ. ಹಾಳುಬಿದ್ದ ಬಾವಿಗಳ ಹೂಳೆತ್ತೋಣ. ಬೆಂಕಿಯ ಕಚೇರಿಯ ಸಂಖ್ಯೆ 101 ಎಂಬುದನ್ನು ಮಕ್ಕಳಿಗೆ ಮಗ್ಗಿಯಂತೆ ಕಲಿಸೋಣ. ಹೀಗೆ ನಮ್ಮ ಕರ್ತವ್ಯವನ್ನು ಮಾಡಿ ನಿಂತಾಗ, ಆಡಳಿತದ ಕರ್ತವ್ಯವನ್ನು ತಲೆಯೆತ್ತಿ ಕೇಳುವ ಅಧಿಕಾರ ನಮಗೆ ಬರುತ್ತದೆ.

ಮುಂದಿನ ವಾರ್ಷಿಕೋತ್ಸವದಲ್ಲಿ ನಾವು ಮತ್ತೆ ಸೇರುವ ಹೊತ್ತಿಗೆ ಒಂದು ತೊಟ್ಟಿಯಾದರೂ ತುಂಬಿ, ಒಂದು ಫಲಕವಾದರೂ ಕನ್ನಡದಲ್ಲಿ ನಿಂತಿದ್ದರೆ ಈ ಮಾತು ಸಾರ್ಥಕ.